ಭಿತ್ತಿಪತ್ರದ ಮೇಲಿನ ಹೆಸರು

ವಿಯೆನ್ನಾ
೪ ನವೆಂಬರ್ ೧೯೦೬

ಪ್ರೀತಿಯ ಮಗಳು ವಿಲ್ಮಾಳಿಗೆ,

ನಿನ್ನ ಅಪ್ಪನ ಅಕ್ಕರೆಯ ನೆನಪುಗಳು. ಉತ್ತರ ತಡವಾದುದಕ್ಕೆ ಮುನಿಯಬೇಡ. ನಾನು ಸಂಗೀತ ಬರೆದ ಹೊಸ ಗೀತನಾಟಕದ ಅಭ್ಯಾಸ ಬೆಳಗಿನಿಂದ ಸಂಜೆಯವರೆಗೆ ನಡೆದಿದೆ. ಮುಖ್ಯ ಗಾಯಕಿ ರೇಸಿಗೆ ನೆಗಡಿ. ಆದರೂ ಕಾಫಿಯ ಮೇಲಿನ ಕೆನೆಯನ್ನು ಬಿಡಲೊಲ್ಲಳು.

ಕಳೆದ ವಾರ ನಿನ್ನ ಗಂಡ ಎಗೊನ್ ಗ್ರಾಟ್ಸ್‌ನಿಂದ ಬಂದು ಅಭ್ಯಾಸವನ್ನು ನೋಡಿದರು. ತಮ್ಮ ಸಂಗೀತ ವಿದ್ಯಾಲಯದಲ್ಲಿ ಅಧ್ಯಾಪಕನ ಸ್ಥಾನವೊಂದು ತೆರವಾಗಿದೆಯೆಂದೂ ಒಪ್ಪಿದರೆ ಅದು ನನ್ನದೇ ಎಂದೂ ತಿಳಿಸಿದರು. ನಿಬಂಧನೆ ಒಂದೇ: ಈ ನಾಟಕದ ಭಿತ್ತಿಪತ್ರದಲ್ಲಿ ನನ್ನ ಹೆಸರಿರಬಾರದು.

“ಬೇಜಾರು ಮಾಡ್ಕೋಬೇಡಿ ಮಾವ,” ಎಂದರು. “ಇದು ಸಾರೋಟು ಹೊಡೆಯೋರು ಶಿಳ್ಳೆ ಹಾಕೋ ಸಂಗೀತ. ವಿದ್ಯಾಲಯದೋರು ಒಪ್ಪಲ್ಲ.”

“ಅವರು ಶಿಳ್ಳೆ ಹಾಕ್ಲಿ ಅಂತಲೇ ಬರೀತೀನಿ ಅಳಿಯಂದಿರೇ. ನಿಮ್ಮ ಸಿಂಫನಿ ಕೇಳಿ ಹೊರಗೆ ಬಂದೋರು ಅವರವರ ಕೋಟು ಹುಡುಕ್ತಾರೆ, ಅಷ್ಟೇ.”

ರೇಸಿ ಮೂಗನ್ನು ಒರೆಸಿಕೊಳ್ಳುತ್ತಲೇ, “ಇದನ್ನ ಮೂರನೇ ಅಂಕಕ್ಕೆ ಸೇರಿಸಿ ಮೇಷ್ಟ್ರೇ, ಅಲ್ಲಿ ನಗು ಸಾಲ್ತಿಲ್ಲ,” ಎಂದಳು. ಎಗೊನ್ ನಗಲಿಲ್ಲ.

ಮೊದಲ ಪ್ರದರ್ಶನದಂದು ಸ್ವರಸಂಯೋಜಕನೇ ಕೋಲು ಹಿಡಿದು ವಾದ್ಯವೃಂದವನ್ನು ನಡೆಸುವುದು ನಮ್ಮ ಪದ್ಧತಿ. ಹೆಸರನ್ನು ಮರೆಮಾಚಿದರೆ ನನ್ನ ಕೋಲು ಬೇರೊಬ್ಬನ ಕೈ ಸೇರುತ್ತದೆ. ಜನರ ಚಪ್ಪಾಳೆಗೆ ಅವನು ತಲೆಬಾಗುತ್ತಾನೆ, ನಾನು ಕಂಬದ ಮರೆಯಲ್ಲಿ ನಿಂತು ನೋಡಬೇಕು. ದಂಡಿನ ವಾದ್ಯತಂಡದಲ್ಲಿ ತುತ್ತೂರಿ ಊದಿದವನು ನಾನು. ಕಲ್ಲಿದ್ದಲಿಗೂ ಗತಿಯಿಲ್ಲದ ಪ್ರಾಂತ್ಯದ ನಾಟಕಶಾಲೆಗಳಲ್ಲಿ ಕೈಗವಸು ತೊಟ್ಟೇ ಪಿಯಾನೊ ನುಡಿಸಿದ್ದೇನೆ. ನನ್ನ ಎರಡು ನಾಟಕಗಳು ನೆಲಕಚ್ಚಿದಾಗ ಬೈಗುಳವನ್ನೂ ನನ್ನ ಹೆಸರಿನಲ್ಲಿಯೇ ಪಡೆದಿದ್ದೇನೆ. ಗಂಭೀರ ಸಂಗೀತವನ್ನು ನಾನು ಹಳಿಯುವವನಲ್ಲ. ದಣಿದು ಬಂದವರನ್ನು ಮೂರು ಗಂಟೆ ಹಗುರಗೊಳಿಸುವ ಕೆಲಸ ಅದಕ್ಕಿಂತ ಕೀಳೆಂದು ಮಾತ್ರ ಒಪ್ಪಲಾರೆ.

ಅಧ್ಯಾಪಕ ಹುದ್ದೆ ಬೇಡವೆಂದು ಬರೆದು ಕಳುಹಿಸಿದೆ. ಭಿತ್ತಿಪತ್ರದ ಅಚ್ಚಿನವನಿಗೆ ನನ್ನ ಹೆಸರನ್ನು ರೇಸಿಯ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಹಾಕಲು ಹೇಳಿದ್ದೇನೆ. ಅದಕ್ಕಾಗಿ ಅವಳು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ಶನಿವಾರ ಮೊದಲ ಪ್ರದರ್ಶನ. ನೀನೂ ಎಗೊನ್ ಅವರೂ ಆರೋಗ್ಯದಿಂದಿರಿ. ನಿಮ್ಮ ಮನೆ ನಗುವಿನಿಂದ ತುಂಬಿರಲಿ.

ನಿನ್ನ ಅಪ್ಪ,
ಆಲೊಯಿಸ್ ಟ್ರೌಟ್ನರ್

ಮರೆತ ಮಾತು: ನೀನು ಹುಟ್ಟಿದಾಗ ನಾನು ಬರೆದ ವಾಲ್ಟ್ಸ್ ಕುಣಿತದ ರಾಗವನ್ನು ನಿನ್ನ ಮದುವೆಯ ಔತಣದಲ್ಲಿ ನುಡಿಸಕೂಡದೆಂದು ವಾದ್ಯದವರನ್ನು ತಡೆದವರು ನಿನ್ನ ಅತ್ತೆಯೆಂದೇ ಇಷ್ಟು ವರ್ಷ ನಂಬಿದ್ದೆ. ತಡೆದವಳು ನೀನೆಂದು ಎಗೊನ್ ಹೊರಡುವಾಗ ಬಾಯಿತಪ್ಪಿ ಹೇಳಿಬಿಟ್ಟರು. ಆ ವಾಲ್ಟ್ಸ್ ಈಗ ಈ ನಾಟಕದ ಎರಡನೆಯ ಅಂಕದ ಕೊನೆಯಲ್ಲಿದೆ. ಜನ ಮತ್ತೆ ಬೇಕೆಂದು ಕೂಗಿದಷ್ಟು ಸಲವೂ ನುಡಿಸುತ್ತೇನೆ. ಬಂದರೆ, ನಡುವೆ ಎದ್ದು ಹೋಗಬೇಡ ಮಗಳೇ.