ಎರಡು ಪರದೆ, ಎರಡು ಮುಳ್ಳು

ಮಾರ್ಚ್ 3
ಟಿವಿ ರಿಪೇರಿ ಅಂಗಡಿ ಬೇಗ ಮುಚ್ಚಿ ಶೆಡ್ಡಿಗೆ ಓಡಿದೆ. ಅಲ್ಲಿದೆ ನಾನೂ ಅಕ್ಕನೂ ವರ್ಷಗಟ್ಟಲೆ ಕೂತು ಕಟ್ಟಿದ ಎರಡು ಸೀಟಿನ ವಿಮಾನ. ರೆಕ್ಕೆ ಅವಳ ಪಾಲು, ವೈರಿಂಗ್ ನನ್ನದು. ಹಾರಿಸುವುದೂ ಅವಳೇ — ಕ್ಲಬ್ಬಿನಲ್ಲಿ ಹಾರಾಟ ಕಲಿಸುವ ಮೇಡಂ.

ಡ್ಯಾಶ್‌ಬೋರ್ಡಿನಲ್ಲಿ ಎರಡು ದೊಡ್ಡ ಪರದೆ ಕೂರಿಸಿದ್ದೆ. ವೇಗ, ಎತ್ತರ, ದಿಕ್ಕು... ಎಲ್ಲ ಬಣ್ಣಬಣ್ಣದಲ್ಲಿ. ಅಕ್ಕ ಮೆಚ್ಚಿದಳು. ಆಮೇಲೆ, ವೇಗಕ್ಕೊಂದು ಎತ್ತರಕ್ಕೊಂದು ಮುಳ್ಳಿನ ಮೀಟರ್ ಬೇಕು ಎಂದಳು. ಕರೆಂಟಿಲ್ಲದೆ ಗಾಳಿಯ ಒತ್ತಡದಲ್ಲೇ ನಡೆಯುವಂಥವು. ಒಂದು ಪರದೆ ಹೋದರೆ ಇನ್ನೊಂದಿದೆ, ಅಷ್ಟು ಸುಲಭಕ್ಕೆ ಕೆಡುವುದೂ ಇಲ್ಲ ಎಂದು ವಾದಿಸಿದೆ.

"ಪರದೆ ಕೆಡಲ್ಲ ಅಂದ್ರೆ ನಿನ್ನ ಅಂಗಡೀಗೆ ಜನ ಯಾಕೆ ಬರ್ತಾರೆ?"

ಎರಡು ಮೀಟರ್‌ಗೆ ಆರ್ಡರ್ ಕೊಟ್ಟೆ.

ಮಾರ್ಚ್ 9
ಮೀಟರ್ ಹಾಕಿದ್ದಾಯಿತು. ಬಲಗಡೆ ಮೂಲೆಗೆ ತಳ್ಳಿದೆ, ನನ್ನ ಸೀಟಿನ ಎದುರು. ಪರದೆಗಳ ಅಂದ ಕೆಡಬಾರದಲ್ಲ! ಅಕ್ಕ ನಕ್ಕಳು.

ಜೂನ್ 21
ಬರೆದು ಎಷ್ಟು ದಿನವಾಯಿತು. ತಪಾಸಣೆ ಮುಗಿಯಿತು. ಅಕ್ಕ ಒಬ್ಬಳೇ ಹಾರಿಸಿ ಹಾರಿಸಿ ಪರೀಕ್ಷಿಸಿದಳು. ಇವತ್ತು ನಾನೂ ಹತ್ತಿದೆ. ಕೆಳಗೆ ನನ್ನ ಅಂಗಡಿ ಬೆಂಕಿಪೊಟ್ಟಣದಷ್ಟು. ಇಳಿದಾಗ ಕೆನ್ನೆ ನೋಯುತ್ತಿತ್ತು — ನಕ್ಕು ನಕ್ಕು.

ಜೂನ್ 28, ಸಂಜೆ
ಇವತ್ತು ಮತ್ತೆ ಇಬ್ಬರೂ ಹಾರಿದೆವು.

ವಾಪಸು ಬರುವಾಗ ಎರಡು ಪರದೆಯೂ ಒಟ್ಟಿಗೇ ಆರಿದವು. ಎಂಜಿನ್ ಓಡುತ್ತಲೇ ಇತ್ತು — ಅದರ ಕಿಡಿಗೆ ಬ್ಯಾಟರಿಯ ಹಂಗಿಲ್ಲ. ಆದರೆ ವೇಗ ಗೊತ್ತಿಲ್ಲದೆ ಇಳಿಯುವುದು ಹೇಗೆ? ತೀರಾ ನಿಧಾನವಾದರೆ ರೆಕ್ಕೆ ಕೈಕೊಡುತ್ತದೆ. ಅಕ್ಕ ರನ್‌ವೇಯಿಂದ ಕಣ್ಣು ಕೀಳಲಿಲ್ಲ.

"ಮೀಟರ್ ನಿನ್ನ ಮುಂದೇ ಇದೆ. ಓದ್ತಾ ಹೋಗು."

ಓದಿದೆ. ಎಪ್ಪತ್ತು... ಅರವತ್ತೈದು... ಅರವತ್ತು. ಐವತ್ತೆಂಟು ಎಂದಾಗ ವೇಗ ಕೂಡಲೆಂದು ವಿಮಾನದ ಮೂತಿ ಚೂರು ತಗ್ಗಿಸಿದಳು. ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ.

"ಚೆನ್ನಾಗಿ ಓದಿದೆ ಕಣೋ." ಅಷ್ಟೇ ಅಂದಳು. ಆಮೇಲೆ ಇಬ್ಬರಿಗೂ ನಗು ಶುರುವಾಯಿತು, ನಿಲ್ಲಲೇ ಇಲ್ಲ.

ಬಿಚ್ಚಿ ನೋಡಿದೆ. ಎರಡು ಪರದೆಗೂ ಸೇರಿ ಒಂದೇ ಅರ್ಥಿಂಗ್ ಬೋಲ್ಟ್. ಸಡಿಲ. ಬಿಗಿ ಮಾಡಿದ ಮಹಾನುಭಾವ ನಾನೇ.

ಜುಲೈ 5
ಈಗ ಪರದೆಗಳಿಗೆ ಬೇರೆ ಬೇರೆ ತಂತಿ, ಒಂದಕ್ಕೆ ಅದರದ್ದೇ ಪುಟ್ಟ ಬ್ಯಾಟರಿ. ಮೀಟರ್‌ಗಳು ನಟ್ಟನಡುವೆ. ಯಾರೂ ಹೇಳಲಿಲ್ಲ, ನಾನೇ ಸರಿಸಿದೆ.

ನನಗೂ ಹಾರಲು ಕಲಿಸು ಎಂದೆ. ಅಕ್ಕ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕ್ಲಾಸಲ್ಲಿ ನಾನು ಅಕ್ಕ ಅಲ್ಲ. ಮೇಡಂ."

ಜುಲೈ 12, ಬೆಳಿಗ್ಗೆ
ಎಡಗಡೆ ಸೀಟು, ಹಾರಿಸುವವರದ್ದು. ನಾನು! ಮೇಡಂ ಪಕ್ಕದಲ್ಲಿ, ಕೈಕಟ್ಟಿಕೊಂಡು. ಎಲ್ಲ ನೋಡಿಕೊಂಡೆ, ಹೊರಡೋಣ ಎಂದೆ. ನನ್ನ ಕಡೆಯ ಬಾಗಿಲೇ ಹಾಕಿಲ್ಲ ಎಂದು ತೋರಿಸಿದರು. ಹಾಕಿದೆ. ಗಾಳಿ ಹದವಾಗಿದೆ. ರನ್‌ವೇ ಖಾಲಿ. ಪುಸ್ತಕ ಒಳಗಿಡು ಎನ್ನುತ್ತಿದ್ದಾರೆ. ಇನ್ನೊಂದೇ ಸಾಲು ಮೇಡಂ, ಇದೊಂದು