ಎರಡು ಹೊಸಹಳ್ಳಿ

೧೪ ಮಾರ್ಚ್ ೨೦೦೯, ಶನಿವಾರ

ಆ ಹೆಂಗಸಿನ ದನಿ ಇನ್ನೂ ಕಿವಿಯಲ್ಲಿದೆ. ಮಧ್ಯಾಹ್ನ ಕಂಟ್ರೋಲ್ ರೂಮಿಗೆ ಫೋನ್ ಮಾಡಿ, "ಹೊಸಹಳ್ಳಿಗೆ ಆಂಬುಲೆನ್ಸ್ ಕಳಿಸ್ರಿ, ಸೊಸೆಗೆ ಹೆರಿಗೆ ನೋವು, ರಕ್ತ ನಿಲ್ತಾ ಇಲ್ಲ" ಎಂದಳು. ಕಂಪ್ಯೂಟರಿನಲ್ಲಿ ಹೆಸರು ಒತ್ತಿದರೆ ಎರಡು ಹೊಸಹಳ್ಳಿ ಬಂದವು, ಒಂದು ಚಳ್ಳಕೆರೆ ಕಡೆ, ಇನ್ನೊಂದು ಮೊಳಕಾಲ್ಮೂರು ಕಡೆ. ಯಾವುದೆಂದು ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಖಾಲಿಯಿದ್ದದ್ದು ಒಂದೇ ಗಾಡಿ. ಅವಳ ಹಿಂದೆ ಯಾರೋ ತೆಲುಗಿನಲ್ಲಿ ಅಳುತ್ತಿದ್ದರು. ಅದೊಂದನ್ನೇ ನಂಬಿ ಆಂಧ್ರದ ಗಡಿಗೆ ಅಂಟಿಕೊಂಡಿರುವ ಮೊಳಕಾಲ್ಮೂರು ಕಡೆಗೆ ಕಳಿಸಿದೆ. ಪರದೆಯ ಮೇಲೆ ಗಾಡಿಯ ಚುಕ್ಕೆ ಸರಿಯುತ್ತಿದ್ದಂತೆ ಆ ಹೆಂಗಸಿನ ನಂಬರಿಗೆ ಮತ್ತೆ ಮತ್ತೆ ಫೋನ್ ಮಾಡಿದೆ. ಊರು ಮುಟ್ಟಿದ ಡ್ರೈವರ್ ಪ್ರಭು ಫೋನಿನಲ್ಲಿ ಕೇಳಿದ, "ಮಂಗಳಕ್ಕ, ರಸ್ತೇಲಿ ಯಾರೂ ಇಲ್ಲ. ಇದೇ ಊರಾ?"

ನನಗೇ ಗೊತ್ತಿರಲಿಲ್ಲ. "ಒಳಗೆ ಹೋಗಿ ವಿಚಾರ್ಸಪ್ಪ" ಎಂದೆ.

ಆಮೇಲೆ ಅವನೇ ಹೇಳಿದ, "ಸಿಕ್ಕಿದ್ರು ಅಕ್ಕ. ಉಸಿರೈತೆ."

ತಾಯಿ, ಮಗು ಇಬ್ಬರೂ ಉಳಿದರೆಂದು ಸಂಜೆ ತಿಳಿಯಿತು. ಎಲ್ಲರೂ ಹೊಗಳಿದರು. ನಾನು ಮಾತ್ರ ಆ ಇನ್ನೊಂದು ಹೊಸಹಳ್ಳಿಯನ್ನೇ ನೆನೆಯುತ್ತಿದ್ದೇನೆ. ಅವರು ಅಲ್ಲಿದ್ದಿದ್ದರೆ?

ಮನೆಗೆ ಬಂದಾಗ ಫೋನ್ ಬಡಿದುಕೊಳ್ಳುತ್ತಿತ್ತು. "ಅವ್ವ, ಎತ್ಕೋ" ಎಂದಳು ಮಗಳು ಶಿಲ್ಪಾ. ಕೈ ಮುಂದೆ ಹೋಗಲಿಲ್ಲ. ಅದು ತಾನಾಗಿ ನಿಲ್ಲುವವರೆಗೂ ಹಾಗೇ ನಿಂತಿದ್ದೆ. ಬೆಳಿಗ್ಗೆ ಮತ್ತೆ ನನ್ನದೇ ಪಾಳಿ, ಮೊದಲ ಕರೆ ಬಂದಾಗ ಊರಿನ ಹೆಸರಿಗಿಂತ ಮುಂಚೆ ತಾಲ್ಲೂಕು ಯಾವುದೆಂದು ಕೇಳಬೇಕು.