ಲೇಡೀಸ್ ಪ್ಯಾಂಟಿನ ಕಿಸೆ

ಚೆನ್ನೈ
14 ಜೂನ್ 2013

ಪ್ರೀತಿಯ ಅವ್ವನಿಗೆ,

ಸುನೀತಾಳ ನಮಸ್ಕಾರ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು ‘ಉಂಡಿಯೇನು?’ ಎನ್ನುತ್ತೀ. ಇದನ್ನು ನೀನು ಅಕ್ಷರ ಕೂಡಿಸಿಕೊಂಡು ಪೂರ್ತಿ ಓದಬೇಕು. ಅದಕ್ಕೇ ದಪ್ಪಗೆ ಬರೆದಿದ್ದೇನೆ.

ನಿನ್ನೆ ನಾನು ಗೆದ್ದೆ ಅವ್ವ.

ನನ್ನ ಕೆಲಸ ಏನೆಂದು ಕೇಳುತ್ತಲೇ ಇರುತ್ತೀಯಲ್ಲ. ಹೊರದೇಶದಿಂದ ಹಡಗಿನಲ್ಲಿ ಬಂದ ಸರಕಿಗೆಲ್ಲ ಕಸ್ಟಮ್ಸ್ ಪುಸ್ತಕದಲ್ಲಿ ಒಂದೊಂದು ನಂಬರಿದೆ. ಗಂಡಸರ ಪ್ಯಾಂಟಿಗೆ ಒಂದು, ಹೆಂಗಸರದಕ್ಕೆ ಇನ್ನೊಂದು. ಸರಿಯಾದ ನಂಬರು ಬರೆದು ಕಾಗದ ಸಲ್ಲಿಸುವುದು ನಮ್ಮ ಆಫೀಸಿನ ಕೆಲಸ. ತಪ್ಪಿದರೆ ಸುಳ್ಳು ಬರೆದಂತೆಯೇ. ಸರಕು ಅಲ್ಲೇ ನಿಲ್ಲುತ್ತದೆ. ಎರಡು ವರ್ಷ ಬೇರೆಯವರು ಬರೆದದ್ದನ್ನು ಟೈಪು ಮಾಡಿದೆ. ಈ ತಿಂಗಳು ಮೊದಲ ಸಲ ನಾನೇ ನಂಬರು ಹಾಕಿದೆ. ನೂರು ಪೆಟ್ಟಿಗೆ ಜೀನ್ಸ್. ‘ಹೆಂಗಸರ ಪ್ಯಾಂಟು’ ಎಂದು ಬರೆದೆ.

ನಿನ್ನೆ ಗೋದಾಮಿನಲ್ಲಿ ಪೆಟ್ಟಿಗೆ ಬಿಚ್ಚಿಸಿದ ಸಾಹೇಬರು ಇದು ಗಂಡಸರದು ಎಂದರು. ಕಾರಣ ಪುಸ್ತಕದಲ್ಲೇ ಇತ್ತು: ಮುಂದೆ ಜಿಪ್ಪಿನ ಹತ್ತಿರ ಎಡಗಡೆಯ ಪಟ್ಟಿ ಬಲಗಡೆಯದರ ಮೇಲೆ ಬಂದರೆ ಅದು ಗಂಡಸರ ಉಡುಪು. ಇದರಲ್ಲಿ ಹಾಗೇ ಬಂದಿತ್ತು.

ನಮ್ಮ ಯಜಮಾನರು ಗೋವರ್ಧನ್ ಅಣ್ಣ, ಮಡಕಶಿರ ಕಡೆ ರೊಳ್ಳ ಊರಿನ ಕನ್ನಡದವರು, ನನ್ನನ್ನು ಪಕ್ಕಕ್ಕೆ ಕರೆದರು. ‘ಏನಮ್ಮಾ, ಮೊದಲ್ನೇ ಕಾಗ್ದದಲ್ಲೇ ನನ್ ಲೈಸೆನ್ಸಿಗೆ ಕಲ್ ಹಾಕ್ಬಿಟ್ಯಲ್ಲ! ಸರಕು ನಿಂತ್ರೆ ನಾಳೆಯಿಂದ ನೀನು ಬರೋದು ಬ್ಯಾಡ’ ಎಂದರು. ದನಿಯಲ್ಲಿ ಕೋಪಕ್ಕಿಂತ ಹೆದರಿಕೆಯೇ ಹೆಚ್ಚಿತ್ತು.

ಆಗ ನಿನ್ನ ಹೊಲಿಗೆ ಮಿಷಿನ್ನು ನೆನಪಾಯಿತು. ರಾಯದುರ್ಗದಲ್ಲಿ ಗಂಡಸರ ಜೀನ್ಸಾಗಲಿ ಹೆಂಗಸರದಾಗಲಿ, ಎಡಗಡೆಯ ಪಟ್ಟಿಯೇ ಮೇಲೆ. ಹೊಲಿಯುವ ಕೈ ಅದಕ್ಕೇ ಪಳಗಿರುತ್ತದೆ. ಆರು ವರ್ಷದ ಹಿಂದೆ ನೀನು ಜ್ವರ ಬಂದು ಮಲಗಿದ್ದಾಗ, ಮನೆಗೆ ತಂದಿದ್ದ ನಲವತ್ತು ಲೇಡೀಸ್ ಪ್ಯಾಂಟಿಗೆ ಬಲಗಡೆಯ ಪಟ್ಟಿ ಮೇಲೆ ಬಿದ್ದಿತ್ತು. ಮೇಸ್ತ್ರಿ ಬೊಮ್ಮಪ್ಪ ಎಲ್ಲರೆದುರು ‘ಏನವ್ವಾ ದುರುಗಕ್ಕ, ಕಣ್ಣು ಮನ್ಯಾಗ ಇಟ್ಟು ಬಂದೀಯೇನು?’ ಎಂದ. ನೀನು ಎರಡು ದಿನ ಕೂತು ಅಷ್ಟೂ ಬಿಚ್ಚಿ ಹೊಲಿದೆ. ನಿನ್ನ ಬದಲು ಕೆಲಸಕ್ಕೆ ಕೂತಿದ್ದ ಪಕ್ಕದ ಮನೆ ಮೈಲಾರಮ್ಮನೇ ಕೆಡಿಸಿದಳೆಂದು ನೀನು ಅವತ್ತೇ ಅವಳೊಂದಿಗೆ ಮಾತು ಬಿಟ್ಟೆ.

ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಇನ್ನೊಂದು ಸಾಲಿದೆ. ಬಟ್ಟೆ ಕತ್ತರಿಸಿದ ರೀತಿಯೇ ಯಾರ ಉಡುಪೆಂದು ಸ್ಪಷ್ಟವಾಗಿ ತೋರಿಸಿದರೆ, ಪಟ್ಟಿ ಯಾವ ಕಡೆಗಿದ್ದರೂ ಲೆಕ್ಕಕ್ಕಿಲ್ಲ. ಅದನ್ನು ಓದಿ ತೋರಿಸಿದೆ. ಪ್ಯಾಂಟನ್ನು ಮೇಜಿನ ಮೇಲೆ ಹಾಸಿ, ನೀನು ಮಡಿಚುವ ಹಾಗೆ ಮಡಿಚಿ, ಸೊಂಟ ಸಣ್ಣಗಾಗಿ ಕೆಳಗೆ ಅಗಲವಾಗುವ ಕಡೆ ಬೆರಳಿಟ್ಟೆ. ಸಾಹೇಬರು ತೆಲುಗಿನವರು. ಈಗಿನ ಹುಡುಗರೂ ಇಂಥದ್ದೇ ಹಾಕುತ್ತಾರಲ್ಲಮ್ಮ ಎಂದರು.

ಹಾಗಾದರೆ ಕಿಸೆಯೊಳಗೆ ಕೈ ಹಾಕಿ ನೋಡಿ ಸರ್ ಎಂದೆ.

ಹಾಕಿದರು. ಬೆರಳಿನ ಎರಡನೇ ಗೆಣ್ಣಿಗೇ ನಿಂತಿತು. ಬೇರೆ ಪೆಟ್ಟಿಗೆ ಬಿಚ್ಚಿಸಿದರು, ಅದರಲ್ಲೂ ಅಷ್ಟೇ. ಕೊನೆಗೆ ತಮ್ಮ ಪ್ಯಾಂಟಿನ ಕಿಸೆಗೇ ಕೈ ಹಾಕಿಕೊಂಡರು. ಮಣಿಕಟ್ಟಿನವರೆಗೆ ಹೋಯಿತು. ಹಮಾಲಿಗಳು ನಕ್ಕರು, ಆಮೇಲೆ ಸಾಹೇಬರೂ ನಕ್ಕರು. ಯಾವ ಕಾಲೇಜಿನಲ್ಲಿ ಕಲಿತೆ ಎಂದು ಕೇಳಿದರು.

ಇಲ್ಲಿ ಇದುವರೆಗೆ ನಮ್ಮವ್ವ ಹೊಲಿಗೆ ಟೀಚರ್ ಎಂದು ಹೇಳಿಕೊಂಡಿದ್ದೆ. ನಿನ್ನೆ ಎಲ್ಲರಿಗೂ ಕೇಳುವ ಹಾಗೆ ನಿಜ ಹೇಳಿದೆ: ನಮ್ಮವ್ವ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಾಳೆ, ಅವಳ ಮಿಷಿನ್ನಿನ ಪಕ್ಕ ಕೂತು ಕಲಿತೆ.

ಸಾಹೇಬರು ಸಹಿ ಹಾಕಿದರು. ನಾನು ಬರೆದ ನಂಬರೇ ಉಳಿಯಿತು. ‘ನಿಮ್ಮವ್ವನ್ನ ಒಂದ್ಸಲ ಕರ್ಕೊಂಡ್ ಬಾರಮ್ಮಾ, ನಮ್ಗೆಲ್ಲ ಪಾಠ ಮಾಡ್ಲಿ’ ಎಂದರು ಗೋವರ್ಧನ್ ಅಣ್ಣ. ಇನ್ನು ಮುಂದೆ ಬಟ್ಟೆ ಸರಕಿನ ಕಾಗದವೆಲ್ಲ ನನ್ನ ಮೇಜಿಗೇ ಬರುತ್ತದೆ.

ಹೌದು, ಉಂಡಿದ್ದೇನೆ.

ನಿನ್ನ ಮಗಳು,
ಸುನೀತಾ

ತಾ.ಕ.: ಆ ನಲವತ್ತು ಪ್ಯಾಂಟು ಕೆಡಿಸಿದವಳು ಮೈಲಾರಮ್ಮ ಅಲ್ಲ. ಅವಳು ಮನೆಗೆ ಹೋದ ಮೇಲೆ, ನಿನಗೆ ಹಗುರಾಗಲಿ ಎಂದು ಮಿಷಿನ್ನಿಗೆ ಕೂತವಳು ನಾನು. ಹೆಂಗಸರದಕ್ಕೆ ಬಲಗಡೆಯ ಪಟ್ಟಿ ಮೇಲೆ ಬರಬೇಕೆಂದು ಶಾಲೆಯ ಹೊಲಿಗೆ ಪುಸ್ತಕದಲ್ಲಿತ್ತು, ಹಾಗೇ ಹೊಲಿದೆ. ಈ ಪತ್ರವನ್ನು ಅವಳ ಮನೆಗೇ ಹೋಗಿ ಓದಿ ಹೇಳು. ದಸರೆಗೆ ಬಂದಾಗ ಇಬ್ಬರೆದುರೂ ನಿಲ್ಲುತ್ತೇನೆ. ಬೊಮ್ಮಪ್ಪ ಅಂದ ಮಾತನ್ನು ನನಗೇ ಅನ್ನಿ.